ಭಾನುವಾರ ಮನೆ ತೋರಿಸ್ತಾರಂತೆ, ನಾನು ಗುರುವಾರವೇ ಹೋದೆ

ಆ ಗುರುವಾರ ಸಂಜೆ ಏಳು ಗಂಟೆಗೆ ಮೇಷ್ಟ್ರ ಮನೆ ಜಗಲಿ ಹತ್ತುವಾಗ ನನ್ನ ಜೇಬಲ್ಲಿ ಹತ್ತು ಸಾವಿರದ ಒಂದು ರೂಪಾಯಿ ಇತ್ತು. ಕೈಲಿ ಒಂದು ಡಜನ್ ಬಾಳೆಹಣ್ಣು. ಬೈಕನ್ನು ಹಾಲಿನ ಡೇರಿ ಹತ್ತಿರವೇ ನಿಲ್ಲಿಸಿ, ಹಿಂದಿನ ಓಣಿಯಲ್ಲಿ ನಡೆದು ಬಂದಿದ್ದೆ. ಹತ್ತು ವರ್ಷದಿಂದ ಈ ಹೋಬಳಿಯಲ್ಲಿ ವರದಿಗಾರಿಕೆ ಮಾಡ್ತಾ ಇದ್ದೀನಿ. ಯಾರ ಮನೆಗೂ ಹೀಗೆ ಬೈಕ್ ಬಚ್ಚಿಟ್ಟು ಹೋದವನಲ್ಲ.

ವಿಷಯ ಇಷ್ಟು. ಮೇಷ್ಟ್ರು ತೀರಿಕೊಂಡು ಮೂರು ವರ್ಷ ಆಗಿತ್ತು. ಅವರ ಹೆಂಡತಿ ಒಬ್ಬರೇ ಆ ಮನೆಯಲ್ಲಿ ಇದ್ದರು. ದೊಡ್ಡ ಮಗ ಬೆಂಗಳೂರು, ಚಿಕ್ಕವನು ತುಮಕೂರು. ಮನೆ ಮಾರಿಬಿಡೋಣ ಅಂತ ತೀರ್ಮಾನವಾಗಿ, ದೊಡ್ಡ ಮಗ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದರು: 'ಆಗಸ್ಟ್ 3, ಭಾನುವಾರ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮನೆ ಬಾಗಿಲು ತೆಗೆದಿರುತ್ತೆ, ನೋಡುವವರೆಲ್ಲ ಬನ್ನಿ.' ಬೆಂಗಳೂರಲ್ಲಿ ಹೀಗೆ ಮಾಡ್ತಾರಂತೆ. ನಮ್ಮ ಕಡೆ ಮನೆ ಮಾರೋದು ಅಂದರೆ ಗುಟ್ಟಿನ ವ್ಯವಹಾರ. ಅಗ್ರಿಮೆಂಟ್ ಆಗುವವರೆಗೂ ಪಕ್ಕದ ಮನೆಯವರಿಗೆ ಗೊತ್ತಾಗಬಾರದು. ಹಾಗಾಗಿ ಆ ಮೆಸೇಜ್ ಓದಿ ಊರು ಸ್ವಲ್ಪ ನಕ್ಕಿತು. ಆದರೆ ನೋಡೋಕೆ ಹೋಗ್ತೀವಿ ಅಂದವರೂ ಬಹಳ ಜನ ಇದ್ದರು.

ಕಳೆದ ವರ್ಷ, ಅಂದರೆ 2025ರಲ್ಲಿ, ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 20 ಸಾವಿರ ದಾಟಿ ಹೋಗಿದ್ದು ನಿಮಗೆ ಗೊತ್ತೇ ಇದೆ. 2023ರಲ್ಲಿ 11,750 ಬೆಂಬಲ ಬೆಲೆ ಇದ್ದರೂ ಅಷ್ಟಕ್ಕೂ ಕೇಳುವವರಿಲ್ಲದೆ ಜನ ರಸ್ತೆಗೆ ಇಳಿದಿದ್ದರು. ಎರಡೇ ವರ್ಷಕ್ಕೆ ಕಾಲ ತಿರುಗಿತು. ಅಟ್ಟದಲ್ಲಿ ಕಾಯಿ ಉಳಿಸಿಕೊಂಡಿದ್ದ ತೋಟದವರ ಕೈಯಲ್ಲಿ ದುಡ್ಡು ಓಡಾಡ್ತಿತ್ತು. ಆಷಾಢ ಮುಗಿದು ಶ್ರಾವಣ ಬಂದಿತ್ತು. ಭಾನುವಾರ ಆ ಮನೆಗೆ ಬರುವವರು ಯಾರು, ಏನು ಬೆಲೆ ಹೇಳ್ತಾರೆ ಅಂತ ನನಗೆ ಅಂದಾಜು ಇತ್ತು. ಅವರ ಜೊತೆ ನಿಂತು ಹರಾಜು ಕೂಗುವ ಶಕ್ತಿ ನನಗಿಲ್ಲ ಅನ್ನೋದೂ ಗೊತ್ತಿತ್ತು.

ನಮ್ಮದು ಏಳು ವರ್ಷದಲ್ಲಿ ನಾಲ್ಕನೇ ಬಾಡಿಗೆ ಮನೆ. ಈಗಿನ ಓನರ್ ಮಗನ ಮದುವೆ ಇದೆ, ದಸರಾ ಹೊತ್ತಿಗೆ ಬಿಟ್ಟುಕೊಡಿ ಅಂದಿದ್ದರು. ನಾನು ಪತ್ರಿಕೆಗೆ ಸ್ಟ್ರಿಂಗರ್. ಸುದ್ದಿ ಬಂದಷ್ಟಕ್ಕೆ ದುಡ್ಡು, ಸಂಬಳದ ಚೀಟಿ ಇಲ್ಲ. ಬ್ಯಾಂಕಿನವರು ನನ್ನ ಗುರುತಿನ ಚೀಟಿ ನೋಡಿ ಕಾಫಿ ಕೊಡ್ತಾರೆ, ಸಾಲ ಕೊಡಲ್ಲ. ಹೆಂಡತಿ ಸರ್ಕಾರಿ ಶಾಲೆ ಶಿಕ್ಷಕಿ. ಅವಳ ಸಂಬಳದ ಮೇಲೆ ಸಾಲ ಸಿಗುತ್ತೆ ಅಂತಾಯ್ತು. ಅದಕ್ಕೆ ಅವಳ ಒಡವೆ, ನನ್ನ ಅಪ್ಪ ಕೊಟ್ಟ ದುಡ್ಡು ಸೇರಿಸಿದರೆ ಇಪ್ಪತ್ತೆಂಟು ಲಕ್ಷದ ಹತ್ತಿರ ಬರುತ್ತಿತ್ತು. ರಿಜಿಸ್ಟ್ರೇಷನ್ ಖರ್ಚು ಬೇರೆ. ಅದಕ್ಕೆ ಬ್ಯಾಂಕು ದುಡ್ಡು ಕೊಡಲ್ಲ, ಕೈಯಿಂದಲೇ ಹಾಕಬೇಕು.

'ಭಾನುವಾರಕ್ಕೆ ಮೊದಲೇ ಹೋಗಿ ಮಾತಾಡಿ. ಬಾಗಿಲು ತೆಗೆದ ಮೇಲೆ ನಮ್ಮ ಕೈಗೆ ಸಿಗಲ್ಲ' ಅಂದಳು ಹೆಂಡತಿ. ಬ್ರೋಕರ್ ಕೂಡ ಅದನ್ನೇ ಅಂದ.

ಹೋಗುವ ಮೊದಲು ಕಾಗದ ನೋಡಿದ್ದೆ. ಕಾವೇರಿ ವೆಬ್‌ಸೈಟಲ್ಲಿ 2004ರಿಂದ ಈಚೆಗಿನ ಇಸಿ ತೆಗೆದೆ. ಅದಕ್ಕೂ ಹಿಂದಿನದನ್ನು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಕೊಟ್ಟು ಹುಡುಕಿಸಿದೆ. ಮೇಷ್ಟ್ರು 1983ರಲ್ಲಿ ಸೈಟು ಕೊಂಡ ಕ್ರಯಪತ್ರ ಒಂದೇ, ಅಡಮಾನ ಇಲ್ಲ, ತಕರಾರು ಇಲ್ಲ. ಪಂಚಾಯಿತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಇತ್ತು. 11ಬಿ ಆಗಿದ್ದರೆ ಬ್ಯಾಂಕಿನ ಮೆಟ್ಟಿಲು ಹತ್ತೋದೇ ಕಷ್ಟವಿತ್ತು. ಖಾತೆ ಮೇಷ್ಟ್ರ ಹೆಂಡತಿಯ ಹೆಸರಿಗೆ ಬದಲಾಗಿತ್ತು. ಅದನ್ನು ನೋಡಿ ನಾನು ಖುಷಿಪಟ್ಟೆ. ಒಬ್ಬರ ಹೆಸರು, ಒಂದು ಸಹಿ, ಕೆಲಸ ಸಲೀಸು ಅಂದುಕೊಂಡೆ. ಎಡವಿದ್ದು ಅಲ್ಲೇ, ಆಮೇಲೆ ಹೇಳ್ತೀನಿ.

ಮುಂಗಡ ಹತ್ತು ಸಾವಿರ ಯಾಕೆ ಅಂತ ಕೇಳಬಹುದು. ಆಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ತಗೊಳ್ಳುವ ಹಾಗಿಲ್ಲ. ಆದಾಯ ತೆರಿಗೆ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿ ಅದು. ಅಡ್ವಾನ್ಸಿಗೂ ಅನ್ವಯಿಸುತ್ತೆ. ದಂಡ ಬೀಳೋದು ಕೊಟ್ಟವರಿಗಲ್ಲ, ತಗೊಂಡವರಿಗೆ, ಅದೂ ತಗೊಂಡಷ್ಟೇ ಮೊತ್ತ. ನಮ್ಮ ಕಡೆ ಲಕ್ಷಗಟ್ಟಲೆ ಕ್ಯಾಶ್ ಎಣಿಸಿ ತಟ್ಟೆಯಲ್ಲಿಟ್ಟು ಕೊಡ್ತಾರೆ, ತಗೊಳ್ಳುವ ಮುದುಕರಿಗೆ ಇದನ್ನು ಯಾರೂ ಹೇಳಲ್ಲ.

ಇಷ್ಟೆಲ್ಲ ಕಾನೂನು ತಿಳಿದುಕೊಂಡು ಹೋದವನು ನಾನು. ಈಗ ಜಗಲಿಗೆ ಬರೋಣ.

ಅಮ್ಮ ಕಾಫಿ ಕೊಟ್ಟರು. ಮೇಷ್ಟ್ರ ಹತ್ತಿರ ನಾನೂ ನಾಲ್ಕನೇ ಕ್ಲಾಸಿನ ಲೆಕ್ಕ ಕಲಿತವನೇ, ಆಗಿನಿಂದ ಅವರು ನನಗೆ ಅಮ್ಮ. ಮನೆ ನೋಡಿದೆ. ಮುಂದೆ ಎರಡು ರೂಮು ಆರ್‌ಸಿಸಿ, ಹಿಂದೆ ಹೆಂಚು. ಹಿತ್ತಲಲ್ಲಿ ಬಾವಿ. ನಡುಮನೆ ಮೇಲೆ ಮರದ ಅಟ್ಟ, ಅದರ ತುಂಬ ಕಾಯಿ. ಮೂವತ್ತು ಮರದ ತೋಟ ಇದೆ ಅವರದು. ಜೂನ್‌ನಲ್ಲಿ ಕೆಡವಿದ ಕಾಯಿ, ಕೊಬ್ಬರಿ ಆಗೋಕೆ ಇನ್ನೂ ಹತ್ತು ತಿಂಗಳು ಬೇಕು.

'ಮನೆ ನಮಗೇ ಬೇಕು ಅಮ್ಮ' ಅಂದೆ.

ಅವರು ಬಾಳೆಹಣ್ಣಿನ ಕವರ್ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ, 'ನೀನೇ ಹೇಳಪ್ಪ. ಪೇಪರಿನೋನು, ನಾಲ್ಕು ಕಡೆ ಓಡಾಡ್ತೀಯ. ಎಷ್ಟು ಬಾಳುತ್ತೆ ಇದು?' ಅಂದರು.

ಅವರ ಮಾತಲ್ಲಿ ಚೌಕಾಸಿ ಇರಲಿಲ್ಲ. ಬೆಲೆ ಗೊತ್ತಿಲ್ಲದವರು ಗೊತ್ತಿದ್ದವನನ್ನು ಕೇಳಿದ್ದರು, ಅಷ್ಟೇ.

ಅಕ್ಕಪಕ್ಕದಲ್ಲಿ ಮಾರಾಟವಾದ ಎರಡು ಮನೆಗಳ ಲೆಕ್ಕ ನನ್ನ ಹತ್ತಿರ ಇತ್ತು. ಭಾನುವಾರ ಇಪ್ಪತ್ತೆಂಟಕ್ಕೆ ಕಮ್ಮಿ ಹೋಗಲ್ಲ ಅಂತ ನನ್ನ ಮನಸ್ಸೇ ಹೇಳಿತ್ತು. 'ಇಪ್ಪತ್ನಾಲ್ಕು ಕೊಡ್ತೀನಿ ಅಮ್ಮ, ಈಗಲೇ' ಅಂದೆ.

'ಆಯ್ತು ಬಿಡು, ನಮ್ಮೋನೇ ತಾನೇ' ಅಂದು ಒಳಗೆ ಹೋಗಿ ವೀಳ್ಯದೆಲೆ ಅಡಿಕೆ ತಂದರು. ದೊಡ್ಡ ಮಗನಿಗೆ ಫೋನ್ ಮಾಡಿದರು. ಅವರೂ 'ಶನಿವಾರ ಬಂದು ಅಗ್ರಿಮೆಂಟ್ ಮಾಡಿಬಿಡೋಣ, ಭಾನುವಾರದ ರಗಳೆ ಯಾಕೆ' ಅಂದರು. ಹತ್ತು ಸಾವಿರದ ಒಂದು ರೂಪಾಯಿ ಕೊಟ್ಟು ಮನೆಗೆ ಬಂದೆ. ಅರ್ಧ ಗಂಟೆಯಲ್ಲಿ ಮುಗಿದಿತ್ತು.

ಅಷ್ಟು ಸುಲಭವಾಗಿ ಮುಗಿದಿದ್ದೇ ರಾತ್ರಿ ನಿದ್ದೆ ಕೆಡಿಸಿತು.

ಮನೆ ಬಾಗಿಲಲ್ಲಿ ಕೊಬ್ಬರಿ ಕೊಳ್ಳುವವರ ಬಗ್ಗೆ ನಾನು ಕಮ್ಮಿ ಅಂದರೂ ಐದಾರು ಸಲ ಬರೆದಿದ್ದೀನಿ. ಟೆಂಡರ್ ಹಿಂದಿನ ಸಂಜೆ ಬರ್ತಾರೆ. ಹಣ್ಣು ತರ್ತಾರೆ. 'ಮಾರ್ಕೆಟ್ಟಿಗೆ ಯಾಕೆ ಹೊತ್ಕೊಂಡು ಹೋಗ್ತೀರಿ, ಗಾಡಿ ಬಾಡಿಗೆ, ಹಮಾಲಿ, ತೂಕ, ಕಾಯೋದು. ಇಲ್ಲೇ ಕೊಟ್ಬಿಡಿ, ದುಡ್ಡು ಈಗಲೇ' ಅಂತಾರೆ. ಮೋಸ ಅನ್ನೋಕಾಗಲ್ಲ. ಹೇಳಿದ ದುಡ್ಡು ಕೊಡ್ತಾರೆ. ಆದರೆ ಮಾರನೇ ದಿನದ ರೇಟು ಎಷ್ಟಾಗಬಹುದು ಅಂತ ಅವರಿಗೆ ಗೊತ್ತಿರುತ್ತೆ, ಅಟ್ಟದ ಕೆಳಗೆ ನಿಂತ ಅಜ್ಜಿಗೆ ಗೊತ್ತಿರಲ್ಲ. ಮಾರ್ಕೆಟ್ಟಿನಲ್ಲಾದರೆ ಒಂದು ಲಾಟಿಗೆ ಹತ್ತು ಜನ ಬೆಲೆ ಬರೀತಾರೆ, ಒಬ್ಬನಿಗೆ ಇನ್ನೊಬ್ಬ ಬರೆದಿದ್ದು ಕಾಣಲ್ಲ. ಬಾಗಿಲಲ್ಲಿ ಬರೆಯುವವನು ಒಬ್ಬನೇ. ಇದನ್ನೆಲ್ಲ ನಾನೇ ಬರೆದಿದ್ದು. ಒಂದು ಸುದ್ದಿಗೆ ಹೆಡ್ಡಿಂಗ್ ಕೂಡ ನಾನೇ ಕೊಟ್ಟಿದ್ದೆ, ಅದು ಹಾಗೇ ಅಚ್ಚಾಗಿತ್ತು, ಕಟಿಂಗ್ ಇನ್ನೂ ಫೈಲಲ್ಲಿದೆ.

ಹೆಂಡತಿಗೆ ಹೇಳಿದೆ. 'ಅವರು ಕೇಳಿದ್ರು, ನೀವು ಹೇಳಿದ್ರಿ. ಇಷ್ಟ ಇಲ್ಲದಿದ್ರೆ ಬೇಡ ಅಂತಿದ್ರು' ಅಂದಳು. ಸ್ವಲ್ಪ ಹೊತ್ತು ಬಿಟ್ಟು, 'ಇಪ್ಪತ್ತೈದಾದ್ರೂ ಹೇಳ್ಬೋದಿತ್ತು' ಅಂದಳು.

ಶುಕ್ರವಾರ ಬೆಳಗ್ಗೆ ಅಗ್ರಿಮೆಂಟ್ ಬರೆಸೋಕೆ ಪತ್ರ ಬರೆಯುವವರ ಹತ್ತಿರ ಹೋದೆ. ಅವರು ಇಸಿ, ಖಾತೆ ಎಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದರು: 'ಮೇಷ್ಟ್ರಿಗೆ ಮಕ್ಕಳೆಷ್ಟು?'

'ಇಬ್ರು ಗಂಡು' ಅಂದೆ. ಆಮೇಲೆ ನೆನಪಾಗಿ, 'ಒಬ್ಬಳು ಮಗಳು, ಚಿಕ್ಕನಾಯಕನಹಳ್ಳಿ ಕಡೆ ಕೊಟ್ಟಿದ್ದಾರೆ' ಅಂದೆ.

ಅವರು ಪೆನ್ನು ಕೆಳಗಿಟ್ಟರು.

ಇದನ್ನು ನೀವೂ ಸರಿಯಾಗಿ ಕೇಳಿಸಿಕೊಳ್ಳಿ, ಯಾಕೆಂದರೆ ನಮ್ಮ ಹಳ್ಳಿಗಳಲ್ಲಿ ಅರ್ಧಕ್ಕರ್ಧ ಜಗಳ ಇಲ್ಲೇ ಹುಟ್ಟೋದು. ಪಂಚಾಯಿತಿ ಖಾತೆ ತೆರಿಗೆ ಕಟ್ಟೋದಕ್ಕೆ ಇರುವ ದಾಖಲೆ. ಖಾತೆ ಒಬ್ಬರ ಹೆಸರಿಗಿದೆ ಅಂದ ಮಾತ್ರಕ್ಕೆ ಮನೆ ಪೂರ್ತಿ ಅವರದಾಗಲ್ಲ. ಮೇಷ್ಟ್ರು ಸ್ವಂತ ಸಂಬಳದಲ್ಲಿ ಕೊಂಡಿದ್ದು, ವಿಲ್ ಬರೆದಿರಲಿಲ್ಲ. ಅಂಥ ಆಸ್ತಿ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮಪಾಲು. ಹೆಣ್ಣುಮಕ್ಕಳ ಹಕ್ಕು ಅಂದರೆ ಜನ 2005ರ ತಿದ್ದುಪಡಿ ಅಂತಾರೆ. ಅದು ಪಿತ್ರಾರ್ಜಿತದ ಮಾತು. ತಂದೆ ಸ್ವಂತ ದುಡಿದು ಕೊಂಡು, ವಿಲ್ ಬರೆಯದೆ ಹೋದ ಆಸ್ತಿಯಲ್ಲಿ ಮಗಳಿಗೆ ಸಮಪಾಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಅಂದರೆ ಆ ಮನೆಯಲ್ಲಿ ಕಾಲು ಭಾಗ ಚಿಕ್ಕನಾಯಕನಹಳ್ಳಿ ಕಡೆಯ ಆ ಹೆಣ್ಣುಮಗಳದು. ಅವರ ಸಹಿ ಇಲ್ಲದ ಅಗ್ರಿಮೆಂಟ್ ಹಿಡಿದು ನಾನು ಏನೂ ಮಾಡುವ ಹಾಗಿರಲಿಲ್ಲ. ನಾಡಕಚೇರಿಯಿಂದ ವಂಶವೃಕ್ಷ ತರಿಸಿದರೆ ಬ್ಯಾಂಕಿನ ವಕೀಲರೂ ಇದನ್ನೇ ಕೇಳುತ್ತಿದ್ದರು.

ದೊಡ್ಡ ಮಗನಿಗೆ ಫೋನ್ ಮಾಡಿದೆ. 'ಅವಳಿಗೆ ಮದುವೇಲಿ ಎಲ್ಲಾ ಕೊಟ್ಟಾಗಿದೆ. ಕರೆದಾಗ ಬಂದು ಸೈನ್ ಹಾಕ್ತಾಳೆ. ನಿಮಗ್ಯಾಕ್ರೀ ಆ ಚಿಂತೆ?' ಅಂದರು.

ಸೈನ್ ಹಾಕಬೇಕಾದವರ ನಂಬರನ್ನು ಅಮ್ಮನ ಹತ್ತಿರ ಇಸ್ಕೊಂಡು ನಾನೇ ಮಾತಾಡಿದೆ. ಒಳ್ಳೆತನದಿಂದ ಅಂತ ಬರ್ಕೊಳ್ಳೋಕೆ ಆಸೆ. ನಿಜ ಹೇಳಬೇಕಂದರೆ ನನ್ನ ದುಡ್ಡಿನ ಭಯದಿಂದ. ಫೋನಲ್ಲಿ ಮಗು ಅಳುವ ಸದ್ದು, ಕುಕ್ಕರ್ ಸದ್ದು. ವಿಷಯ ಹೇಳಿದೆ. ಮನೆ ಮಾರ್ತಿದ್ದಾರೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. ಊರಿನ ವಾಟ್ಸಾಪ್ ಗುಂಪಿನಲ್ಲಿ ಅವರಿಲ್ಲ. ಕೊಟ್ಟ ಹೆಣ್ಣುಮಕ್ಕಳನ್ನು ಯಾವ ಊರು ಗುಂಪಿಗೆ ಸೇರಿಸುತ್ತೆ?

ಕುಕ್ಕರ್ ಆಫ್ ಮಾಡಿ ಬಂದು ಕೇಳಿದರು. 'ಎಷ್ಟಕ್ಕಣ್ಣ?'

'ಇಪ್ಪತ್ನಾಲ್ಕು.'

'ಭಾನುವಾರ ಬೇರೆಯೋರೂ ಬರ್ತಾರೆ ಅಂದ್ರಲ್ಲ. ನಾನೂ ಬರ್ತೀನಿ. ಅಲ್ಲೀವರೆಗೂ ಏನೂ ಬರೆಸ್ಬೇಡಿ ಅಣ್ಣ.'

ಶನಿವಾರ ಮತ್ತೆ ಆ ಜಗಲಿಗೆ ಹೋದೆ. ಈ ಸಲ ಬೈಕು ಮನೆ ಮುಂದೆಯೇ ನಿಲ್ಲಿಸಿದೆ. 'ಅಮ್ಮ, ಮೊನ್ನೆ ಹೇಳಿದ್ದು ಕಮ್ಮಿ ಬೆಲೆ. ನಾಳೆ ಬರೋರು ಇನ್ನೂ ಜಾಸ್ತಿ ಕೊಡಬಹುದು' ಅಂದೆ. ಅವರು ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. 'ಮತ್ತೆ ಮೊನ್ನೆ ಯಾಕೋ ಹಂಗಂದೆ?' ಅಂತ ಅಷ್ಟೇ ಕೇಳಿದರು. ನಾಲ್ಕನೇ ಕ್ಲಾಸಿನ ಹುಡುಗನನ್ನು ಕೇಳಿದ ಹಾಗೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ಬಿಳಿ ಹಾಳೆಯಲ್ಲಿ ಬರೆದುಕೊಟ್ಟೆ. ಇಪ್ಪತ್ತೇಳೂವರೆ ಲಕ್ಷ, ಪೂರ್ತಿ ಕ್ರಯಪತ್ರದಲ್ಲಿ ತೋರಿಸಿ, ಪೂರ್ತಿ ಬ್ಯಾಂಕಿನ ಮೂಲಕ. ನಾಲ್ವರೂ ಸಹಿ ಹಾಕಬೇಕು. ಬ್ಯಾಂಕಿನ ಸಾಲ ಮಂಜೂರಾಗಬೇಕು, ಆಗದಿದ್ದರೆ ಮುಂಗಡ ವಾಪಸ್. ಭಾನುವಾರ ಯಾರು ಬೇಕಾದರೂ ಬಂದು ನೋಡಲಿ, ನನ್ನ ಬೆಲೆ ಭಾನುವಾರ ರಾತ್ರಿವರೆಗೆ ಹೀಗೇ ಇರುತ್ತೆ. ನನ್ನ ಕೈಯಲ್ಲಿ ಇದ್ದದ್ದು ಅಷ್ಟೇ. ಅದಕ್ಕಿಂತ ಮೇಲೆ ಹತ್ತು ಸಾವಿರವೂ ಏರುವ ಹಾಗಿರಲಿಲ್ಲ. ಮನೆಗೆ ಬಂದು ಹೇಳಿದಾಗ ಹೆಂಡತಿ ಮಾತಾಡಲಿಲ್ಲ. ಮೂರೂವರೆ ಲಕ್ಷ ಅಂದರೆ ಅವಳ ಎಷ್ಟು ತಿಂಗಳ ಸಂಬಳ ಅಂತ ಅವಳಿಗೆ ಲೆಕ್ಕ ಹಾಕಬೇಕಾಗಿರಲಿಲ್ಲ.

ಭಾನುವಾರ ಎದುರಿಗಿನ ಟೀ ಅಂಗಡಿಯಲ್ಲಿ ಕೂತು ನೋಡಿದೆ. ಹನ್ನೊಂದು ಜನ ಬಂದರು. ಅರ್ಧ ಜನ ಮನೆ ಒಳಗಡೆ ಹೇಗಿದೆ ಅಂತ ನೋಡೋಕೇ ಬಂದವರು. ಒಬ್ಬರು ಬಾವಿಗೆ ಕಲ್ಲು ಹಾಕಿ ಆಳ ನೋಡಿದರು. ಇನ್ನೊಬ್ಬರು ವಾಸ್ತು ನೋಡೋಕೆ ಯಾರನ್ನೋ ಕರ್ಕೊಂಡು ಬಂದಿದ್ದರು, ಅಡಿಗೆಮನೆ ದಿಕ್ಕು ಸರಿಯಿಲ್ಲ ಅಂತ ಹೊರಟರು. ಅಡಿಗೆಮನೆಗೆ ಮನಸ್ಸಲ್ಲೇ ಕೈ ಮುಗಿದೆ. ಕೊನೆಗೆ ಉಳಿದಿದ್ದು ಪಕ್ಕದ ಹಳ್ಳಿಯ ತೋಟದವರೊಬ್ಬರು. ಮೂವತ್ತು ಲಕ್ಷ ಅಂದರು. ಹದಿಮೂರು ಕಾಗದದ ಮೇಲೆ, ಉಳಿದಿದ್ದು ಕ್ಯಾಶ್, ಒಂದು ವಾರದಲ್ಲಿ ಎಲ್ಲ ಚುಕ್ತಾ.

ಒಳಗೆ ಏನು ಮಾತಾಯಿತು ಅಂತ ನನಗೆ ಆಮೇಲೆ ಮಗಳೇ ಹೇಳಿದ್ದು. ದೊಡ್ಡ ಅಣ್ಣ ಮೂವತ್ತಕ್ಕೆ ಕೊಡೋಣ ಅಂದರಂತೆ. ಎರಡೂವರೆ ಲಕ್ಷ ಯಾಕೆ ಬಿಡಬೇಕು, ನ್ಯಾಯವಾದ ಮಾತೇ. ಮಗಳು ಒಪ್ಪಲಿಲ್ಲ. 'ಕ್ಯಾಶಾಗಿ ಬಂದ್ರೆ ನನ್ನ ಪಾಲು ನಮ್ಮ ಮಾವನ ಕೈಗೋ ಯಜಮಾನ್ರ ಕೈಗೋ ಹೋಗುತ್ತೆ, ಇಲ್ಲಾ ಇಲ್ಲೇ ಉಳಿಯುತ್ತೆ. ನನ್ನ ಹೆಸರಿನ ಅಕೌಂಟಿಗೆ ಬರೋದಾದ್ರೆ ಮಾತ್ರ ಸೈನ್ ಹಾಕ್ತೀನಿ. ಕಮ್ಮಿ ಆದ್ರೂ ಪರವಾಗಿಲ್ಲ' ಅಂದರಂತೆ. ಚಿಕ್ಕ ಅಣ್ಣ ತಂಗಿ ಕಡೆ ನಿಂತರು. ಅಮ್ಮ ಏನೂ ಹೇಳಲಿಲ್ಲವಂತೆ. ಸಂಜೆ ಆರೂವರೆಗೆ ಮೊಮ್ಮಗನನ್ನು ಟೀ ಅಂಗಡಿಗೆ ಕಳಿಸಿದರು.

ಅಗ್ರಿಮೆಂಟಿಗೆ ನಾಲ್ವರೂ ಸಹಿ ಹಾಕಿದರು. ಅಮ್ಮ ಒಂದು ಷರತ್ತು ಸೇರಿಸಿದರು: ಅಟ್ಟದ ಕಾಯಿ ಇಳಿಸೋವರೆಗೂ ಅಟ್ಟ ಅವರದು. ಅದನ್ನೂ ಪತ್ರದಲ್ಲಿ ಬರೆಸಿದ್ದೀವಿ.

ಬ್ಯಾಂಕಿನವರು ಆಗಸ್ಟ್ ಪೂರ್ತಿ ಓಡಾಡಿಸಿದರು. ವಂಶವೃಕ್ಷ, ಮೇಷ್ಟ್ರ ಮರಣ ಪ್ರಮಾಣಪತ್ರ, ಇಂಜಿನಿಯರ್ ರಿಪೋರ್ಟು, ಒಂದಾದ ಮೇಲೊಂದು. ಅಷ್ಟರಲ್ಲಿ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ನಮ್ಮ ಮನೆ ಲೆಕ್ಕದಲ್ಲಿ 27,500 ಇದ್ದದ್ದು 55,000 ಆಯಿತು. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು ಬೇರೆ. ಸೆಪ್ಟೆಂಬರ್‌ನಲ್ಲಿ ಪಿತೃಪಕ್ಷ ಬಂತು, ಆ ಹದಿನೈದು ದಿನ ಯಾರೂ ಸಹಿಗೆ ಬರಲ್ಲ ಅಂದರು. ನವರಾತ್ರಿಯಲ್ಲಿ ರಿಜಿಸ್ಟರ್ ಆಯಿತು. ಏರಿದ ಶುಲ್ಕಕ್ಕೆ ಹೆಂಡತಿ ತನ್ನ ಇನ್ನೊಂದು ಜೊತೆ ಬಳೆ ಇಟ್ಟಳು.

ಮಗಳ ಪಾಲು ಅವರ ಅಕೌಂಟಿಗೆ ಹೋಯಿತು. ಮೆಸೇಜ್ ಬಂದಿದ್ದನ್ನು ಸಬ್‌ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲ ಮೇಲೆ ನಿಂತು ಎರಡು ಸಲ ಓದಿದರು. ಅಮ್ಮ ಈಗ ಅವರ ಮನೆಯಲ್ಲೇ ಇದ್ದಾರೆ.

ದೊಡ್ಡ ಮಗ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಊರಲ್ಲಿ ಅವರು ಹೇಳೋದು, ಪೇಪರಿನೋನು ತಂಗಿಯನ್ನು ಎತ್ತಿಕಟ್ಟಿ ಎರಡೂವರೆ ಲಕ್ಷ ಉಳಿಸಿಕೊಂಡ ಅಂತ. ನಾನು ಫೋನ್ ಮಾಡಿದ್ದಕ್ಕೇ ತಂಗಿ ಬಂದಿದ್ದು, ತಂಗಿ ಬಂದಿದ್ದಕ್ಕೇ ಮನೆ ನನಗಾಗಿದ್ದು. ಲೆಕ್ಕಕ್ಕೆ ಲೆಕ್ಕ ನೋಡಿದರೆ ಅವರು ಸುಳ್ಳು ಹೇಳ್ತಿಲ್ಲ. ಎದುರು ಸಿಕ್ಕಾಗ ನಾನೇ ಮೊದಲು ತಲೆ ತಗ್ಗಿಸ್ತೀನಿ.

ಗೃಹಪ್ರವೇಶ ಆಗಿ ಒಂದು ತಿಂಗಳಾಗಿರಬಹುದು. ಒಂದು ಸಂಜೆ ಬಾಗಿಲಿಗೆ ಒಬ್ಬರು ಬಂದರು, ಕೈಲಿ ಹಣ್ಣಿನ ಕವರ್. 'ಅಟ್ಟದಲ್ಲಿ ಕಾಯಿ ಇದೆಯಂತಲ್ಲ ಸಾರ್, ಈಗಲೇ ರೇಟು ಮಾಡ್ಕೊಂಡ್ಬಿಡೋಣ, ಅಡ್ವಾನ್ಸ್ ತಂದಿದ್ದೀನಿ' ಅಂದರು. ಕಾಯಿ ನನ್ನದಲ್ಲ ಅಂದೆ. ಯಾರದು ಅಂದರು. ಅಮ್ಮನಿಗೆ ಫೋನ್ ಹಚ್ಚಿ, ಹಿಂದಿನ ಟೆಂಡರಿನಲ್ಲಿ ಕೊಬ್ಬರಿ ಎಷ್ಟಕ್ಕೆ ಹೋಗಿದೆ ಅಂತ ಮೊದಲು ಹೇಳಿ, ಆಮೇಲೆ ಫೋನನ್ನು ಅವರ ಕೈಗೆ ಕೊಟ್ಟೆ.

ಮಾತಾಡಿ ಫೋನ್ ವಾಪಸ್ ಕೊಟ್ಟರು. ಏಣಿ ಹತ್ತಿ ಒಂದು ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ ನೋಡಿದರು. ಒಳಗೆ ಇನ್ನೂ ನೀರು.